ಓಪನ್‌ಶಿಫ್ಟ್: ಎಡಿಟ್ ರೋಲ್ ಕೊಟ್ಟ ಮೇಲೂ ಬೇರೆ ಪ್ರಾಜೆಕ್ಟ್‌ನಲ್ಲಿ ಫಾರ್ಬಿಡನ್ ಬರುತ್ತಿದೆ

ಹುಬ್ಬಳ್ಳಿ_ಲಿನಕ್ಸ್

ಎಲ್ಲರಿಗೂ ನಮಸ್ಕಾರ. ನಮ್ಮದು ಔಷಧಿ ಸಗಟು ವ್ಯಾಪಾರದ ಕಂಪನಿ. ಬಿಲ್ಲಿಂಗ್ ಸಾಫ್ಟ್‌ವೇರ್ ನಮ್ಮಲ್ಲೇ ಬರೆದದ್ದು, ಓಪನ್‌ಶಿಫ್ಟ್ 4.12 (ಕುಬರ್ನೆಟೀಸ್ ಆಧಾರದ ಕಂಟೇನರ್ ವೇದಿಕೆ) ಮೇಲೆ ಓಡುತ್ತದೆ. ಮೂರು ಪ್ರಾಜೆಕ್ಟ್ ಇವೆ: ಬಿಲ್ಲಿಂಗ್-ಸಿಐ (ಬಿಲ್ಡ್‌ಗೆ), ಬಿಲ್ಲಿಂಗ್-ಯುಎಟಿ (ಪರೀಕ್ಷೆಗೆ), ಬಿಲ್ಲಿಂಗ್-ಪ್ರೊಡ್ (ನಿಜವಾದ ಬಳಕೆಗೆ). ಬಿಲ್ಡ್, ಡಿಪ್ಲಾಯ್ ಮಾಡುವ ಪೈಪ್‌ಲೈನ್ ಇರುವುದು ಸಿಐನಲ್ಲಿ. ಅಲ್ಲಿನ "ಡಿಪ್ಲಾಯರ್" ಅನ್ನುವ ಸರ್ವೀಸ್ ಅಕೌಂಟ್ (ಮನುಷ್ಯರಿಗಲ್ಲ, ಪ್ರೋಗ್ರಾಂಗಳಿಗೆ ಇರುವ ಖಾತೆ) ಹೆಸರಲ್ಲೇ ಯುಎಟಿಗೂ ಪ್ರೊಡ್‌ಗೂ ಡಿಪ್ಲಾಯ್ ಆಗುತ್ತದೆ. ಕ್ಲಸ್ಟರ್ ಅಡ್ಮಿನ್ ಹಕ್ಕು ನನಗಿಲ್ಲ. ಈ ಮೂರು ಪ್ರಾಜೆಕ್ಟ್‌ಗಳಿಗೆ ಮಾತ್ರ ಅಡ್ಮಿನ್.

ಯುಎಟಿ ಹಳೆಯದು, ಇಂದಿಗೂ ಸಲೀಸಾಗಿ ನಡೆಯುತ್ತಿದೆ. ಪ್ರೊಡ್ ಪ್ರಾಜೆಕ್ಟನ್ನು ಇತ್ತೀಚೆಗೆ ಅಳಿಸಿ ಹೊಸದಾಗಿ ಮಾಡಿದರು. ಮುಂಚೆ ಇಲ್ಲಿದ್ದ ಕಾಂಟ್ರಾಕ್ಟರ್ ಒಂದು ಸ್ಕ್ರಿಪ್ಟ್ ಬಿಟ್ಟು ಹೋಗಿದ್ದರು. ಪರ್ಮಿಷನ್ ಎಲ್ಲ ಅದರಿಂದಲೇ ಕೊಡಲಾಗಿದೆ. ಮುಖ್ಯ ಸಾಲು ಇದು (ಕಮಾಂಡ್‌ಗಳನ್ನು ಇಲ್ಲಿನ ರೂಢಿಯಂತೆ ಕನ್ನಡದಲ್ಲೇ ಬರೆದಿದ್ದೇನೆ):

ಓಸಿ ಎಡಿಎಂ ಪಾಲಿಸಿ ಆಡ್-ರೋಲ್-ಟು-ಯೂಸರ್ ಎಡಿಟ್ -ಝಡ್ ಡಿಪ್ಲಾಯರ್ -ಎನ್ ಬಿಲ್ಲಿಂಗ್-ಪ್ರೊಡ್

ಇದು "ಆಡೆಡ್" ಅಂತಲೇ ಹೇಳುತ್ತದೆ. ವಾರ್ನಿಂಗ್ ಕೂಡ ಇಲ್ಲ. ಆದರೆ ಪೈಪ್‌ಲೈನ್ ಓಡಿಸಿದರೆ:

ಡಿಪ್ಲಾಯ್‌ಮೆಂಟ್ಸ್.ಆ್ಯಪ್ಸ್ "ಇನ್‌ವಾಯ್ಸ್-ಎಪಿಐ" ಈಸ್ ಫಾರ್ಬಿಡನ್: ಯೂಸರ್ "ಸಿಸ್ಟಮ್:ಸರ್ವೀಸ್‌ಅಕೌಂಟ್:ಬಿಲ್ಲಿಂಗ್-ಸಿಐ:ಡಿಪ್ಲಾಯರ್" ಕೆನಾಟ್ ಗೆಟ್ ರಿಸೋರ್ಸ್ "ಡಿಪ್ಲಾಯ್‌ಮೆಂಟ್ಸ್" ಇನ್ ಎಪಿಐ ಗ್ರೂಪ್ "ಆ್ಯಪ್ಸ್" ಇನ್ ದ ನೇಮ್‌ಸ್ಪೇಸ್ "ಬಿಲ್ಲಿಂಗ್-ಪ್ರೊಡ್"

"ಓಸಿ ಗೆಟ್ ರೋಲ್‌ಬೈಂಡಿಂಗ್" (ಯಾರಿಗೆ ಯಾವ ರೋಲ್ ಅನ್ನುವ ದಾಖಲೆಗಳ ಪಟ್ಟಿ) ಹಾಕಿದರೆ ಯುಎಟಿಯಲ್ಲೂ "ಎಡಿಟ್" ಇದೆ, ಪ್ರೊಡ್‌ನಲ್ಲೂ "ಎಡಿಟ್" ಇದೆ. ನೋಡೋಕೆ ಎರಡೂ ಒಂದೇ. "ಓಸಿ ಆಥ್ ಕ್ಯಾನ್-ಐ ಪ್ಯಾಚ್ ಡಿಪ್ಲಾಯ್‌ಮೆಂಟ್ಸ್ -ಎನ್ ಬಿಲ್ಲಿಂಗ್-ಪ್ರೊಡ್" ಕೇಳಿದರೆ "ಯೆಸ್" ಅನ್ನುತ್ತದೆ. ಮತ್ತೆ ಫಾರ್ಬಿಡನ್ ಯಾಕೆ? ತಿಂಗಳ ಕೊನೆಯ ಬಿಲ್ಲಿಂಗ್‌ಗೆ ಒಂದು ಜಿಎಸ್‌ಟಿ ಬದಲಾವಣೆ ಪ್ರೊಡ್‌ಗೆ ಹೋಗಲೇಬೇಕು. ಅಕೌಂಟ್ಸ್‌ನವರು ಗಂಟೆಗೊಮ್ಮೆ ಫೋನ್ ಮಾಡುತ್ತಿದ್ದಾರೆ.

ರಾತ್ರಿಪಾಳಿ

ಗುರು, ಕ್ಲಸ್ಟರ್ ಟೀಮ್‌ಗೆ ಹೇಳಿ ಆ ಅಕೌಂಟ್‌ಗೆ ಕ್ಲಸ್ಟರ್-ಅಡ್ಮಿನ್ ಕೊಡಿಸಿಬಿಡಿ. ಬಿಲ್ಲಿಂಗ್ ಮುಗಿದ ಮೇಲೆ ವಾಪಸ್ ತೆಗೆದರಾಯ್ತು. ನಾವೆಲ್ಲ ಹಾಗೇ ಮಾಡೋದು.

ಮಲೆನಾಡ್_ಆಪ್ಸ್

ರಾತ್ರಿಪಾಳಿಯವರೇ, ಹಾಗೆ ಕೊಟ್ಟದ್ದನ್ನು ಆಮೇಲೆ ಯಾರೂ ತೆಗೆಯುವುದಿಲ್ಲ. ನಾನು ಕಾಲಿಟ್ಟ ಪ್ರತಿ ಕ್ಲಸ್ಟರ್‌ನಲ್ಲೂ "ಸ್ವಲ್ಪ ದಿನಕ್ಕೆ" ಅಂತ ಕೊಟ್ಟ ಕ್ಲಸ್ಟರ್-ಅಡ್ಮಿನ್ ಒಂದಾದರೂ ಸಿಕ್ಕಿದೆ. ಕೊಟ್ಟವರು ಕೆಲಸ ಬಿಟ್ಟು ಹೋಗಿರುತ್ತಾರೆ, ಬೈಂಡಿಂಗ್ ಮಾತ್ರ ಅಲ್ಲೇ ಇರುತ್ತದೆ. ಅದರ ಮೇಲೆ, ಪೈಪ್‌ಲೈನ್ ಅಕೌಂಟ್‌ಗೆ ಅದನ್ನು ಕೊಟ್ಟರೆ ಆ ಕ್ಲಸ್ಟರ್‌ನಲ್ಲಿರುವ ಎಲ್ಲರ ಎಲ್ಲ ಸೀಕ್ರೆಟ್‌ಗಳೂ (ಪಾಸ್‌ವರ್ಡ್, ಟೋಕನ್ ಇತ್ಯಾದಿ) ಅದರ ಕೈಗೆ ಹೋದ ಹಾಗೆ. ಬೇಡ.

ಹುಬ್ಬಳ್ಳಿಯವರೇ, ನಿಮ್ಮ ಎರರ್ ಮೆಸೇಜ್‌ನಲ್ಲೇ ಉತ್ತರ ಇದೆ. ಸಾಮಾನ್ಯವಾಗಿ ಜನ "ಫಾರ್ಬಿಡನ್" ತನಕ ಓದಿ ನಿಲ್ಲಿಸುತ್ತಾರೆ. ನಿಜವಾದ ಸುದ್ದಿ ಅದರ ನಂತರ ಬರುತ್ತದೆ: ಯಾರು, ಏನು ಮಾಡಲು ಹೊರಟರು, ಯಾವ ವಸ್ತುವಿನ ಮೇಲೆ, ಯಾವ ಎಪಿಐ ಗ್ರೂಪ್ (ಆ ಬಗೆಯ ವಸ್ತು ಸೇರಿದ ಗುಂಪು), ಯಾವ ನೇಮ್‌ಸ್ಪೇಸ್ (ಅಂದರೆ ಪ್ರಾಜೆಕ್ಟ್). ಇಲ್ಲಿ "ಯಾರು" ಅನ್ನುವ ಜಾಗದಲ್ಲಿ ಬಿಲ್ಲಿಂಗ್-ಸಿಐ:ಡಿಪ್ಲಾಯರ್ ಇದೆ. ಈಗ ಇದನ್ನು ಹಾಕಿ ನೋಡಿ:

ಓಸಿ ಗೆಟ್ ರೋಲ್‌ಬೈಂಡಿಂಗ್ -ಓ ವೈಡ್ -ಎನ್ ಬಿಲ್ಲಿಂಗ್-ಪ್ರೊಡ್

ಕೊನೆಯ ಕಾಲಮ್‌ನಲ್ಲಿ ಸರ್ವೀಸ್ ಅಕೌಂಟ್ ಹೆಸರು ನೇಮ್‌ಸ್ಪೇಸ್ ಸಮೇತ ಕಾಣುತ್ತದೆ. ನನ್ನ ಅಂದಾಜು, "ಎಡಿಟ್" ಎದುರು ಬಿಲ್ಲಿಂಗ್-ಪ್ರೊಡ್/ಡಿಪ್ಲಾಯರ್ ಅಂತ ಇರುತ್ತದೆ. ಬಿಲ್ಲಿಂಗ್-ಸಿಐ/ಡಿಪ್ಲಾಯರ್ ಇರುವುದಿಲ್ಲ.

ಕಾರಣ ಆ -ಝಡ್. ಅದು ಸರ್ವೀಸ್ ಅಕೌಂಟ್‌ನ ಉದ್ದ ಹೆಸರು ಬರೆಯುವ ಕಷ್ಟ ತಪ್ಪಿಸಲು ಇರುವ ಅಡ್ಡದಾರಿ. ಆದರೆ ಕಮಾಂಡ್ ಯಾವ ಪ್ರಾಜೆಕ್ಟ್‌ನಲ್ಲಿ ನಡೆಯುತ್ತಿದೆಯೋ ಆ ಪ್ರಾಜೆಕ್ಟ್‌ನ ಅಕೌಂಟನ್ನೇ ಅದು ಹಿಡಿಯುತ್ತದೆ. ನೀವು -ಎನ್ ಬಿಲ್ಲಿಂಗ್-ಪ್ರೊಡ್ ಕೊಟ್ಟಿದ್ದೀರಿ. ಹಾಗಾಗಿ ಪ್ರೊಡ್‌ನದೇ ಡಿಪ್ಲಾಯರ್‌ಗೆ ಎಡಿಟ್ ಹೋಯಿತು.

ವಾರ್ನಿಂಗ್ ಯಾಕೆ ಬರಲಿಲ್ಲ ಅನ್ನುವುದೇ ಇದರ ಸ್ವಾರಸ್ಯ. ಇಲ್ಲದ ಅಕೌಂಟ್‌ಗೆ ರೋಲ್ ಕೊಟ್ಟರೆ "ನಾಟ್ ಫೌಂಡ್" ಅಂತ ಒಂದು ಸಾಲು ಬರುತ್ತದೆ, ಬೈಂಡಿಂಗ್ ಆದರೂ ಆಗಿಬಿಡುತ್ತದೆ. ಆದರೆ ಓಪನ್‌ಶಿಫ್ಟ್ 4.12ರಲ್ಲಿ ಪ್ರಾಜೆಕ್ಟ್ ಹುಟ್ಟಿದ ಕೂಡಲೇ ಡೀಫಾಲ್ಟ್, ಬಿಲ್ಡರ್, ಡಿಪ್ಲಾಯರ್ ಅನ್ನುವ ಮೂರು ಸರ್ವೀಸ್ ಅಕೌಂಟ್ ತಾನಾಗೇ ಬರುತ್ತವೆ. ಪ್ರೊಡ್‌ನಲ್ಲೂ ಒಂದು ಡಿಪ್ಲಾಯರ್ ಇದೆ! ಹಾಗಾಗಿ ಕಮಾಂಡ್‌ಗೆ ಅನುಮಾನ ಬರಲು ಕಾರಣವೇ ಇರಲಿಲ್ಲ. ನಿಮ್ಮ ಪೈಪ್‌ಲೈನ್ ಅಕೌಂಟ್‌ಗೆ ಬೇರೆ ಹೆಸರಿದ್ದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಈ ಮೂರು ಹೆಸರನ್ನು ಸ್ವಂತ ಕೆಲಸಕ್ಕೆ ಬಳಸಬೇಡಿ.

ಸರಿ ಮಾಡುವುದು ಹೀಗೆ. ಮೊದಲು ತಪ್ಪಾಗಿ ಹೋದದ್ದನ್ನು ತೆಗೆಯಿರಿ:

ಓಸಿ ಎಡಿಎಂ ಪಾಲಿಸಿ ರಿಮೂವ್-ರೋಲ್-ಫ್ರಮ್-ಯೂಸರ್ ಎಡಿಟ್ -ಝಡ್ ಡಿಪ್ಲಾಯರ್ -ಎನ್ ಬಿಲ್ಲಿಂಗ್-ಪ್ರೊಡ್

ಆಮೇಲೆ ಪೂರ್ತಿ ಹೆಸರು ಹಾಕಿ ಕೊಡಿ:

ಓಸಿ ಎಡಿಎಂ ಪಾಲಿಸಿ ಆಡ್-ರೋಲ್-ಟು-ಯೂಸರ್ ಎಡಿಟ್ ಸಿಸ್ಟಮ್:ಸರ್ವೀಸ್‌ಅಕೌಂಟ್:ಬಿಲ್ಲಿಂಗ್-ಸಿಐ:ಡಿಪ್ಲಾಯರ್ -ಎನ್ ಬಿಲ್ಲಿಂಗ್-ಪ್ರೊಡ್

ಇದಕ್ಕೆ ಕ್ಲಸ್ಟರ್ ಅಡ್ಮಿನ್ ಬೇಕಿಲ್ಲ. ಪ್ರೊಡ್‌ನ ಪ್ರಾಜೆಕ್ಟ್ ಅಡ್ಮಿನ್ ಆಗಿದ್ದರೆ ಸಾಕು.

ಇನ್ನು ನಿಮ್ಮ ಕ್ಯಾನ್-ಐ "ಯೆಸ್" ಅಂದದ್ದು ನಿಮ್ಮ ಬಗ್ಗೆ. ಕೇಳಿದವರು ನೀವು, ಹಕ್ಕು ಇರುವುದೂ ನಿಮಗೆ. ಅಕೌಂಟ್ ಬಗ್ಗೆ ಕೇಳಬೇಕಾದರೆ ಕೊನೆಯಲ್ಲಿ --ಆ್ಯಸ್=ಸಿಸ್ಟಮ್:ಸರ್ವೀಸ್‌ಅಕೌಂಟ್:ಬಿಲ್ಲಿಂಗ್-ಸಿಐ:ಡಿಪ್ಲಾಯರ್ ಸೇರಿಸಿ. ಸಿಐಗೂ ನೀವೇ ಅಡ್ಮಿನ್ ಆದ್ದರಿಂದ ಅಲ್ಲಿನ ಅಕೌಂಟ್ ವೇಷದಲ್ಲಿ ಕೇಳಲು ನಿಮಗೆ ಅವಕಾಶ ಇದೆ.

ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಪ್ರೊಡ್ ಹೊಸದಾಗಿ ಆಗಿದೆ ಅಂದರೆ ಇದಾದ ಮೇಲೆ ಇಮೇಜ್ (ಬಿಲ್ಡ್ ಆದ ಪ್ರೋಗ್ರಾಂನ ಕಟ್ಟು) ಎಳೆಯುವಾಗ ಇನ್ನೊಂದು ತಕರಾರು ಬರಬಹುದು. ಬಂದರೆ ಇಲ್ಲೇ ಬರೆಯಿರಿ.

ಹುಬ್ಬಳ್ಳಿ_ಲಿನಕ್ಸ್

ಸರ್, ನೀವು ಹೇಳಿದ ಹಾಗೇ ಬಿಲ್ಲಿಂಗ್-ಪ್ರೊಡ್/ಡಿಪ್ಲಾಯರ್ ಅಂತಲೇ ಇತ್ತು. ಯುಎಟಿಯಲ್ಲಿ ಬಿಲ್ಲಿಂಗ್-ಸಿಐ/ಡಿಪ್ಲಾಯರ್ ಇದೆ, ಯಾರೋ ಹಳಬರು ಕೈಯಾರೆ ಕೊಟ್ಟದ್ದು. ಸರಿ ಮಾಡಿದೆ, ಫಾರ್ಬಿಡನ್ ಹೋಯಿತು.

ಭವಿಷ್ಯವಾಣಿಯೂ ನಿಜವಾಯಿತು ಬಿಡಿ. ಡಿಪ್ಲಾಯ್ ಆಯಿತು, ಪಾಡ್ (ಪ್ರೋಗ್ರಾಂ ಓಡುವ ಕಂಟೇನರ್ ಘಟಕ) ಮಾತ್ರ ಇಮೇಜ್‌ಪುಲ್‌ಬ್ಯಾಕ್‌ಆಫ್‌ನಲ್ಲಿ, ಅಂದರೆ ಇಮೇಜ್ ಎಳೆಯಲಾಗದೆ ಕೂತಿದೆ. ಡಿಸ್ಕ್ರೈಬ್ ಮಾಡಿದರೆ "ಅನ್‌ಆಥರೈಸ್ಡ್: ಅಥೆಂಟಿಕೇಷನ್ ರಿಕ್ವೈರ್ಡ್". ಇಮೇಜ್ ಬಿಲ್ಡ್ ಆಗಿ ಕೂರುವುದು ಬಿಲ್ಲಿಂಗ್-ಸಿಐನ ಇಮೇಜ್‌ಸ್ಟ್ರೀಮ್‌ನಲ್ಲಿ. ಅದೇ ಸ್ಕ್ರಿಪ್ಟ್‌ನಲ್ಲಿ ಸಿಸ್ಟಮ್:ಇಮೇಜ್-ಪುಲ್ಲರ್ ಅನ್ನುವ ರೋಲನ್ನೂ ಕೊಟ್ಟಿದ್ದಾರೆ, ಸಿಐನ ಡಿಪ್ಲಾಯರ್‌ಗೆ, ಪ್ರೊಡ್ ಪ್ರಾಜೆಕ್ಟ್‌ನಲ್ಲಿ. ಈ ಸಲ ಪೂರ್ತಿ ಹೆಸರೇ ಇದೆ, -ಝಡ್ ಇಲ್ಲ. ಇನ್ನೇನು ಬೇಕಂತೆ ಇದಕ್ಕೆ?

ಮಲೆನಾಡ್_ಆಪ್ಸ್

ಇಲ್ಲಿ ದಿಕ್ಕು ಉಲ್ಟಾ. ಎರಡೂ ತುದಿ ತಿರುಗಿಸಬೇಕು.

ನೆನಪಿಟ್ಟುಕೊಳ್ಳಲು ನಾನು ಜೂನಿಯರ್‌ಗಳಿಗೆ ಹೇಳುವುದು: ಯಾರ ಮನೆಗೆ ಹೋಗಬೇಕೋ ಆ ಮನೆಯ ಗೇಟಿನ ರಿಜಿಸ್ಟರ್‌ನಲ್ಲಿ ಹೆಸರಿರಬೇಕು. ರೋಲ್‌ಬೈಂಡಿಂಗ್ ಯಾವಾಗಲೂ ವಸ್ತು ಇರುವ ಪ್ರಾಜೆಕ್ಟ್‌ನಲ್ಲಿ. ಅದರೊಳಗೆ ಬರೆಯುವ ಹೆಸರು ಬರುವವರದು, ಅವರ ಊರಿನ ಸಮೇತ.

ಡಿಪ್ಲಾಯ್ ಮಾಡುವಾಗ ವಸ್ತು ಪ್ರೊಡ್‌ನಲ್ಲಿದೆ, ಬರುವವರು ಸಿಐನಿಂದ. ಇಮೇಜ್ ಎಳೆಯುವಾಗ ವಸ್ತು, ಅಂದರೆ ಇಮೇಜ್, ಸಿಐನಲ್ಲಿದೆ. ಬರುವವರು ಯಾರು? ಪೈಪ್‌ಲೈನ್ ಅಲ್ಲ. ಅದರ ಕೆಲಸ ಡಿಪ್ಲಾಯ್‌ಮೆಂಟ್ ಬರೆದ ಕೂಡಲೇ ಮುಗಿಯಿತು. ಇಮೇಜ್ ಎಳೆಯುವಾಗ ತೋರಿಸುವ ಗುರುತು ಪ್ರೊಡ್‌ನ ಪಾಡ್ ಯಾವ ಸರ್ವೀಸ್ ಅಕೌಂಟ್‌ನಲ್ಲಿ ಓಡುತ್ತದೋ ಅದರದ್ದು. ನೀವು ಬೇರೇನೂ ಹೇಳಿಲ್ಲದಿದ್ದರೆ ಅದು ಪ್ರೊಡ್‌ನ ಡೀಫಾಲ್ಟ್. ಹಾಗಾಗಿ:

ಓಸಿ ಪಾಲಿಸಿ ಆಡ್-ರೋಲ್-ಟು-ಯೂಸರ್ ಸಿಸ್ಟಮ್:ಇಮೇಜ್-ಪುಲ್ಲರ್ ಸಿಸ್ಟಮ್:ಸರ್ವೀಸ್‌ಅಕೌಂಟ್:ಬಿಲ್ಲಿಂಗ್-ಪ್ರೊಡ್:ಡೀಫಾಲ್ಟ್ -ಎನ್ ಬಿಲ್ಲಿಂಗ್-ಸಿಐ

ಪ್ರೊಡ್‌ನಲ್ಲಿ ಬೇರೆ ಬೇರೆ ಅಕೌಂಟ್‌ನ ಪಾಡ್‌ಗಳಿದ್ದರೆ ಒಂದೊಂದಕ್ಕೂ ಕೊಡುತ್ತಾ ಕೂರಬೇಡಿ. ಆಡ್-ರೋಲ್-ಟು-ಗ್ರೂಪ್ ಹಾಕಿ ಸಿಸ್ಟಮ್:ಸರ್ವೀಸ್‌ಅಕೌಂಟ್ಸ್:ಬಿಲ್ಲಿಂಗ್-ಪ್ರೊಡ್ ಅನ್ನುವ ಗುಂಪಿಗೆ ಕೊಡಿ. "ಅಕೌಂಟ್ಸ್" ಬಹುವಚನ, ಅದನ್ನು ಮರೆತರೆ ಮತ್ತೆ ಸದ್ದಿಲ್ಲದೆ ಕೈಕೊಡುತ್ತದೆ. ಬರೀ ಇಮೇಜ್ ಓದುವ ಹಕ್ಕು ಅಷ್ಟೇ, ಇಡೀ ಗುಂಪಿಗೆ ಕೊಟ್ಟರೂ ದೊಡ್ಡ ಅಪಾಯ ಇಲ್ಲ.

ಖಾತ್ರಿ ಮಾಡಿಕೊಳ್ಳಲು: ಓಸಿ ಆಥ್ ಕ್ಯಾನ್-ಐ ಗೆಟ್ ಇಮೇಜ್‌ಸ್ಟ್ರೀಮ್ಸ್/ಲೇಯರ್ಸ್ -ಎನ್ ಬಿಲ್ಲಿಂಗ್-ಸಿಐ, ಜೊತೆಗೆ --ಆ್ಯಸ್ ಮತ್ತು ಪ್ರೊಡ್‌ನ ಡೀಫಾಲ್ಟ್ ಅಕೌಂಟ್‌ನ ಪೂರ್ತಿ ಹೆಸರು. ಓರೆಗೆರೆ ಹಾಕಿದ ಆ "ಲೇಯರ್ಸ್" ಮುಖ್ಯ. ಬರೀ ಇಮೇಜ್‌ಸ್ಟ್ರೀಮ್ಸ್ ನೋಡುವ ಹಕ್ಕು ಇದ್ದರೆ ಪಟ್ಟಿ ಕಾಣುತ್ತದೆ, ಇಮೇಜ್ ಇಳಿಯುವುದಿಲ್ಲ. ಪಾಡ್ಸ್ ಮತ್ತು ಪಾಡ್ಸ್/ಲಾಗ್ ಕೂಡ ಹೀಗೇ, ಎರಡೂ ಬೇರೆ ಬೇರೆ ಹಕ್ಕುಗಳು.

ಕರಾವಳಿ_ಕೋಡ್

ನಡುವೆ ಬಾಯಿ ಹಾಕುತ್ತೇನೆ. ನನ್ನದೂ ಇದೇ ಜಾತಿಯ ತೊಂದರೆ, ಆದರೆ ಮನುಷ್ಯರದ್ದು. ಟೆಸ್ಟಿಂಗ್‌ನವರನ್ನೆಲ್ಲ ಒಂದು ಗ್ರೂಪ್‌ಗೆ ಸೇರಿಸಿ, ಗ್ರೂಪ್‌ಗೆ ವ್ಯೂ (ನೋಡಲು ಮಾತ್ರ ಬಿಡುವ ರೋಲ್) ಕೊಟ್ಟಿದ್ದೇನೆ. ಅವರು ಲಾಗಿನ್ ಆದರೆ ಎಲ್ಲ ಕಾಣುತ್ತದೆ. ನಾನು --ಆ್ಯಸ್ ಹಾಕಿ ಅವರ ಹೆಸರಲ್ಲಿ ಕೇಳಿದರೆ ಮಾತ್ರ "ನೋ" ಅನ್ನುತ್ತದೆ. ಯಾವುದನ್ನು ನಂಬಲಿ?

ಮಲೆನಾಡ್_ಆಪ್ಸ್

ಲಾಗಿನ್ ಆದಾಗ ಕಾಣುವುದನ್ನು ನಂಬಿ. --ಆ್ಯಸ್ ಹಾಕಿದಾಗ ಆ ಮನುಷ್ಯ ಯಾವ ಗ್ರೂಪ್‌ನಲ್ಲಿದ್ದಾನೆ ಅಂತ ಸರ್ವರ್ ಹುಡುಕುವುದಿಲ್ಲ. --ಆ್ಯಸ್-ಗ್ರೂಪ್ ಹಾಕಿ ಗ್ರೂಪ್ ಹೆಸರನ್ನೂ ನೀವೇ ಹೇಳಬೇಕು. ಸರ್ವೀಸ್ ಅಕೌಂಟ್‌ಗೆ ಈ ಗೋಳಿಲ್ಲ. ಅದರ ಗುಂಪುಗಳು ಹೆಸರಿನಿಂದಲೇ ಗೊತ್ತಾಗುತ್ತವೆ, ತಾನಾಗೇ ಸೇರುತ್ತವೆ.

ಮುಂದಿನ ಪ್ರಶ್ನೆ "ವ್ಯೂ ಇದ್ದರೂ ಸೀಕ್ರೆಟ್ ಯಾಕೆ ಕಾಣಲ್ಲ" ಅಂತ ಬರುತ್ತದೆ. ವ್ಯೂನಲ್ಲಿ ಸೀಕ್ರೆಟ್ ಇಲ್ಲ, ಬೇಕಂತಲೇ ಬಿಟ್ಟಿದ್ದಾರೆ. ಸೀಕ್ರೆಟ್ ಓದಬಲ್ಲವನು ಅದರೊಳಗಿನ ಟೋಕನ್ ತೆಗೆದು ಬೇರೆ ಅಕೌಂಟ್ ಆಗಿಬಿಡಬಹುದು.

ಹುಬ್ಬಳ್ಳಿ_ಲಿನಕ್ಸ್

ಪಾಡ್ ಎದ್ದು ನಿಂತಿತು. ಅಕೌಂಟ್ಸ್‌ನವರ ಫೋನ್ ನಿಂತಿತು. ತುಂಬಾ ಥ್ಯಾಂಕ್ಸ್ ಸರ್. ಪ್ರೊಡ್‌ನಲ್ಲಿ ಸುಮ್ನೆ ಬಿದ್ದಿದ್ದ ಆ ಇಮೇಜ್-ಪುಲ್ಲರ್ ಬೈಂಡಿಂಗ್ ಕೂಡ ತೆಗೆದೆ.

ಮಲೆನಾಡ್_ಆಪ್ಸ್

ಒಳ್ಳೆಯದು. ಆದರೆ ಥ್ರೆಡ್ ಮುಚ್ಚುವ ಮುಂಚೆ ಒಂದು ಪ್ರಶ್ನೆ. ಬಿಲ್ಲಿಂಗ್-ಸಿಐನಲ್ಲಿ ಯಾರ್ಯಾರಿಗೆ ಎಡಿಟ್ ಇದೆ?

ಹುಬ್ಬಳ್ಳಿ_ಲಿನಕ್ಸ್

ಎಲ್ಲ ಡೆವಲಪರ್‌ಗಳಿಗೂ ಇದೆ. ಇಂಟರ್ನ್‌ಗಳು ಸೇರಿ. ಬಿಲ್ಡ್ ಕೆಟ್ಟರೆ ಅವರೇ ನೋಡಿಕೊಳ್ಳಲಿ ಅಂತ. ಪ್ರೊಡ್‌ನಲ್ಲಿ ಮಾತ್ರ ನಾನು ಮತ್ತು ಮ್ಯಾನೇಜರ್, ಇಬ್ಬರೇ.

ಮಲೆನಾಡ್_ಆಪ್ಸ್

ಹಾಗಿದ್ದರೆ ಪ್ರೊಡ್‌ನಲ್ಲಿ ಇರುವವರು ಇಬ್ಬರಲ್ಲ. ನಿಮ್ಮ ಇಂಟರ್ನ್ ಕೂಡ ಇದ್ದಾರೆ.

ಕುಬರ್ನೆಟೀಸ್‌ನ ಎಡಿಟ್ ರೋಲ್‌ನೊಳಗೆ ಆ ನೇಮ್‌ಸ್ಪೇಸ್‌ನ ಸರ್ವೀಸ್ ಅಕೌಂಟ್‌ಗಳ ವೇಷ ಹಾಕುವ ಹಕ್ಕು ಸೇರಿದೆ. "ಇಂಪರ್ಸನೇಟ್" ಅನ್ನುವ ಕ್ರಿಯೆ. ಸಿಐನಲ್ಲಿ ಎಡಿಟ್ ಇರುವ ಯಾರೇ ಆಗಲಿ, "ಓಸಿ ಗೆಟ್ ಸೀಕ್ರೆಟ್ಸ್ -ಓ ಯಾಮಲ್ -ಎನ್ ಬಿಲ್ಲಿಂಗ್-ಪ್ರೊಡ್" ಅಂತ ಬರೆದು, ಮುಂದೆ --ಆ್ಯಸ್ ಹಾಕಿ ಸಿಐ ಡಿಪ್ಲಾಯರ್‌ನ ಹೆಸರು ಕೊಟ್ಟರೆ ಸಾಕು. ನಿಮ್ಮ ಪ್ರೊಡ್ ಡೇಟಾಬೇಸ್ ಪಾಸ್‌ವರ್ಡ್ ಅವರ ಪರದೆ ಮೇಲೆ. ಹ್ಯಾಕಿಂಗ್ ಏನೂ ಅಲ್ಲ. ಎಲ್ಲ ನಿಯಮದ ಪ್ರಕಾರವೇ ನಡೆಯುತ್ತದೆ. ಅದನ್ನು ಬಿಟ್ಟರೂ, ಒಂದು ಪ್ರಾಜೆಕ್ಟ್‌ನಲ್ಲಿ ಪಾಡ್ ಹುಟ್ಟಿಸಬಲ್ಲವನು ಅಲ್ಲಿನ ಯಾವ ಸರ್ವೀಸ್ ಅಕೌಂಟ್ ಹೆಸರಲ್ಲಾದರೂ ಅದನ್ನು ಓಡಿಸಬಹುದು. ಪಾಡ್‌ನೊಳಗೆ ಟೋಕನ್ ಇದ್ದೇ ಇರುತ್ತದೆ.

ಪ್ರಾಜೆಕ್ಟ್‌ಗಳ ನಡುವೆ ಹಕ್ಕು ಕೊಡುವಾಗ ಎಲ್ಲರೂ ಎಡವುವುದು ಇಲ್ಲೇ. "ಈ ಅಕೌಂಟ್‌ಗೆ ಕೊಟ್ಟೆ" ಅಂದುಕೊಳ್ಳುತ್ತೇವೆ. ನಿಜಕ್ಕೂ ಕೊಟ್ಟಿರುವುದು ಆ ಅಕೌಂಟ್ ಇರುವ ಪ್ರಾಜೆಕ್ಟ್‌ನಲ್ಲಿ ಎಡಿಟ್ ಇರುವ ಎಲ್ಲರಿಗೂ. ಫಾರ್ಬಿಡನ್ ಬಂದರೆ ಇಡೀ ಆಫೀಸು ಓಡಿ ಬರುತ್ತದೆ, ಬರಬಾರದ ಕಡೆ "ಯೆಸ್" ಬಂದರೆ ಯಾರಿಗೂ ಗೊತ್ತೇ ಆಗುವುದಿಲ್ಲ.

ನಾನಾದರೆ ಎರಡು ಕೆಲಸ ಮಾಡುತ್ತೇನೆ. ಪ್ರೊಡ್‌ಗೆ ಹೋಗುವ ಪೈಪ್‌ಲೈನ್‌ಗೆ ಒಂದು ಪುಟ್ಟ ಪ್ರಾಜೆಕ್ಟ್ ಬೇರೆಯೇ ಮಾಡುತ್ತೇನೆ, ಬಿಲ್ಲಿಂಗ್-ರಿಲೀಸ್ ಅಂತಿರಲಿ. ಅದರಲ್ಲಿ ನೀವಿಬ್ಬರೇ ಇರಿ. ಸರ್ವೀಸ್ ಅಕೌಂಟ್ ಹೆಸರು ಡಿಪ್ಲಾಯರ್ ಬೇಡ, ಪ್ರೊಡ್-ರಿಲೀಸರ್ ಅಂತೇನಾದರೂ ಇಡಿ. ಬಿಲ್ಡ್ ಸಿಐನಲ್ಲೇ ಇರಲಿ, ಇಮೇಜ್ ಎಳೆಯುವ ಬೈಂಡಿಂಗ್ ಈಗಿರುವ ಹಾಗೇ ಇರಲಿ. ಸಿಐ ಡಿಪ್ಲಾಯರ್‌ನ ಪ್ರೊಡ್ ಎಡಿಟ್ ತೆಗೆಯಿರಿ.

ಎರಡನೆಯದು, ಹೊಸ ಅಕೌಂಟ್‌ಗೆ ಎಡಿಟ್ ಬದಲು ಕೈಯಿಂದ ಬರೆದ ಸಣ್ಣ ರೋಲ್. ಡಿಪ್ಲಾಯ್‌ಮೆಂಟ್ಸ್, ಸರ್ವೀಸಸ್, ಕಾನ್ಫಿಗ್‌ಮ್ಯಾಪ್ಸ್, ರೌಟ್ಸ್ (ಹೊರಗಿನವರು ಬರುವ ವೆಬ್ ವಿಳಾಸಗಳು), ಇಷ್ಟಕ್ಕೆ ಗೆಟ್, ಲಿಸ್ಟ್, ವಾಚ್, ಕ್ರಿಯೇಟ್, ಪ್ಯಾಚ್. ಸೀಕ್ರೆಟ್ ಬೇಡ. ಲಿಸ್ಟ್, ವಾಚ್ ಬಿಟ್ಟರೆ "ರೋಲ್‌ಔಟ್ ಸ್ಟೇಟಸ್" ಕೆಲಸ ಮಾಡುವುದಿಲ್ಲ. ಎಪಿಐ ಗ್ರೂಪ್ ನೋಡಿಕೊಂಡು ಬರೆಯಿರಿ: ಡಿಪ್ಲಾಯ್‌ಮೆಂಟ್ಸ್‌ಗೆ "ಆ್ಯಪ್ಸ್", ರೌಟ್ಸ್‌ಗೆ "ರೌಟ್.ಓಪನ್‌ಶಿಫ್ಟ್.ಐಓ", ಸರ್ವೀಸಸ್ ಮತ್ತು ಕಾನ್ಫಿಗ್‌ಮ್ಯಾಪ್ಸ್‌ಗೆ ಖಾಲಿ ಉದ್ಧರಣ ಚಿಹ್ನೆ. ಗ್ರೂಪ್ ತಪ್ಪಾದರೂ ರೋಲ್ ಸೇವ್ ಆಗುತ್ತದೆ, ಯಾರೂ ದೂರು ಹೇಳುವುದಿಲ್ಲ, ಹಕ್ಕು ಮಾತ್ರ ಬರುವುದಿಲ್ಲ.

ರಾತ್ರಿಪಾಳಿ

ಆ --ಆ್ಯಸ್ ವಿಷಯ ನಮ್ಮಲ್ಲಿ ಈಗಷ್ಟೇ ಹಾಕಿ ನೋಡಿದೆ. ನಮ್ಮ ಸಿಐ ಅಕೌಂಟ್‌ಗೆ ಕ್ಲಸ್ಟರ್-ಅಡ್ಮಿನ್ ಇದೆ ಅಂದೆನಲ್ಲ. ಏನು ಕಂಡಿತು ಅಂತ ಇಲ್ಲಿ ಬರೆಯಲ್ಲ. ಮ್ಯಾನೇಜರ್ ಹತ್ತಿರ ಹೋಗುತ್ತಿದ್ದೇನೆ.

ಹುಬ್ಬಳ್ಳಿ_ಲಿನಕ್ಸ್

ಹೊಸ ಪ್ರಾಜೆಕ್ಟ್, ಹೊಸ ಅಕೌಂಟ್, ಸಣ್ಣ ರೋಲ್ ಎಲ್ಲ ಯಾಮಲ್‌ನಲ್ಲಿ ಬರೆದು ಗಿಟ್‌ನಲ್ಲಿಟ್ಟೆ. ಎರಡು ಕಡೆ ಸಿಕ್ಕಿಕೊಂಡಿದ್ದೇನೆ. ಹಳೇ ಎಡಿಟ್ ಬೈಂಡಿಂಗ್‌ನಲ್ಲೇ ರೋಲ್ ಹೆಸರು ಬದಲಿಸಿ ಅಪ್ಲೈ ಮಾಡಿದರೆ "ಕೆನಾಟ್ ಚೇಂಜ್ ರೋಲ್‌ರೆಫ್" ಅನ್ನುತ್ತದೆ. ಇನ್ನೊಂದು, ಹೊಸ ಅಕೌಂಟ್‌ನಿಂದ ಹೊಸ ರೌಟ್ ಹಾಕಲು ಹೋದರೆ "ಸ್ಪೆಕ್.ಹೋಸ್ಟ್: ಫಾರ್ಬಿಡನ್". ರೌಟ್ಸ್‌ಗೆ ಕ್ರಿಯೇಟ್ ಇದೆ, ಗ್ರೂಪ್ ಸರಿ ಇದೆ.

ಮಲೆನಾಡ್_ಆಪ್ಸ್

ಮೊದಲನೆಯದು: ರೋಲ್‌ಬೈಂಡಿಂಗ್‌ನಲ್ಲಿ ಜನರನ್ನು ಸೇರಿಸಬಹುದು, ತೆಗೆಯಬಹುದು, ಆದರೆ ಯಾವ ರೋಲ್ ಅನ್ನುವುದನ್ನು ಬದಲಿಸಲು ಬಿಡುವುದಿಲ್ಲ. ಅಳಿಸಿ ಹೊಸದು ಮಾಡಿ. ಯಾಮಲ್ ಫೈಲ್ ಇದೆಯಲ್ಲ, "ಓಸಿ ಆಥ್ ರೆಕನ್ಸೈಲ್ -ಎಫ್" ಹಾಕಿದರೆ ಆ ಅಳಿಸಿ ಹುಟ್ಟಿಸುವ ಕೆಲಸ ಅದೇ ಮಾಡಿಕೊಳ್ಳುತ್ತದೆ. ಬೈಂಡಿಂಗ್‌ಗೆ ಹೊಸ ಹೆಸರಿಟ್ಟರೆ ಇನ್ನೂ ಒಳ್ಳೆಯದು. ಎಡಿಟ್ ಅಂತ ಹೆಸರಿದ್ದು ಒಳಗೆ ಬೇರೆ ರೋಲ್ ಇದ್ದರೆ ಮುಂದೆ ಬರುವವರು ನಿಮ್ಮನ್ನು ಬೈಯುತ್ತಾರೆ.

ಎರಡನೆಯದು ಅಡ್ಮಿನ್‌ಗಳನ್ನೂ ಸುಸ್ತು ಮಾಡುವ ವಿಷಯ. ರೌಟ್ ಮಾಡುವ ಹಕ್ಕು ಒಂದು, ಅದಕ್ಕೆ ನಿಮಗೆ ಬೇಕಾದ ಹೋಸ್ಟ್ ಹೆಸರಿಡುವ ಹಕ್ಕು ಇನ್ನೊಂದು. "ರೌಟ್ಸ್/ಕಸ್ಟಮ್-ಹೋಸ್ಟ್" ಅನ್ನುವ ಸಬ್‌ರಿಸೋರ್ಸ್‌ಗೆ ಕ್ರಿಯೇಟ್ ಕೊಡಬೇಕು. ಎಡಿಟ್‌ನಲ್ಲಿ ಅದು ಸೇರಿಯೇ ಇರುತ್ತದೆ, ಅದಕ್ಕೇ ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಿಮಗೆ ಅಡ್ಮಿನ್ ಇರುವುದರಿಂದ ನೀವೇ ಸೇರಿಸಬಹುದು. ನಿಮ್ಮ ಹತ್ತಿರ ಇಲ್ಲದ ಹಕ್ಕನ್ನು ರೋಲ್‌ನಲ್ಲಿ ಬರೆಯಲು ಸರ್ವರ್ ಬಿಡುವುದಿಲ್ಲ, ಆದರೆ ಈ ಹಕ್ಕು ನಿಮ್ಮ ಹತ್ತಿರ ಇದೆ.

ಹುಬ್ಬಳ್ಳಿ_ಲಿನಕ್ಸ್

ಎರಡೂ ಆಯಿತು ಸರ್. ಸಿಐ ಡಿಪ್ಲಾಯರ್ ಹೆಸರಲ್ಲಿ ಪ್ರೊಡ್ ಸೀಕ್ರೆಟ್ ಕೇಳಿ ನೋಡಿದೆ, ಈಗ "ನೋ". ಡೇಟಾಬೇಸ್ ಪಾಸ್‌ವರ್ಡ್ ಬದಲಿಸಲು ಡಿಬಿಎಗೆ ಟಿಕೆಟ್ ಹಾಕಿದ್ದೇನೆ. ಯುಎಟಿಯಲ್ಲಿ ಸದ್ಯಕ್ಕೆ ಎಡಿಟ್ ಹಾಗೇ ಬಿಟ್ಟಿದ್ದೇನೆ, ಅಲ್ಲಿರುವುದು ಡಮ್ಮಿ ಡೇಟಾ. ಕಾಂಟ್ರಾಕ್ಟರ್ ಸ್ಕ್ರಿಪ್ಟ್‌ನಲ್ಲಿ -ಝಡ್ ಇನ್ನೂ ಎಲ್ಲೆಲ್ಲಿ ಇದೆ ಅಂತ ಗ್ರೆಪ್ ಮಾಡುತ್ತಿದ್ದೇನೆ. ಗೋದಾಮಿನ ಸ್ಟಾಕ್ ಪ್ರಾಜೆಕ್ಟ್‌ನಲ್ಲೂ ಸಿಕ್ಕಿತು.